ಮಡಿಸಿಟ್ಟ ಗೋಣಿಚೀಲ

ತೆಂಗಿನ ನಾರಿನ ಹಗ್ಗದ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಅಂಗೈ ಉರಿಯುತ್ತದೆ.

ಎಪ್ಪತ್ತರ ದಶಕದ ಬೇಸಿಗೆ. ನನಗೆ ಹನ್ನೊಂದು ವರ್ಷ. ಗುಬ್ಬಿಯಲ್ಲಿ ನಮ್ಮ ಅಬ್ಬಾನದು ಹಗ್ಗದ ಅಂಗಡಿ. ಅವರು ಮಾಲು ತರಲು ತಿಪಟೂರಿಗೆ ಹೋಗಿದ್ದಾಗ, ಅವರನ್ನು ಕೇಳದೆಯೇ ಅಮ್ಮಿ ನನ್ನನ್ನು ಶಾಲೆಯ ಗೈಡ್ಸ್ ಕ್ಯಾಂಪಿಗೆ ಕಳಿಸಿದ್ದಳು. ಬಿದರೆಹಳ್ಳಿ ಕಾವಲಿನಲ್ಲಿ ಆಗ ಒಣಹುಲ್ಲು, ಹುಣಸೆಮರ ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿ ಒಂದು ರಾತ್ರಿ ಡೇರೆಯಲ್ಲಿ ಮಲಗುವುದು, ಅಷ್ಟೇ.

ಮಧ್ಯಾಹ್ನ ಡೇರೆ ಕಟ್ಟುತ್ತಿದ್ದಾಗ ಅಬ್ಬಾನ ಸೈಕಲ್ಲು ಬಂತು. ಕ್ಯಾರಿಯರ್ ಮೇಲೆ, ನಾನು ಕೂರಲೆಂದು, ಗೋಣಿಚೀಲ ಮಡಿಸಿಟ್ಟಿದ್ದರು.

"ಹೆಣ್ಮಗು ಆಚೆ ಮಲಗೋದು ನಮ್ಮಲ್ಲಿ ಇಲ್ಲ ಟೀಚರಮ್ಮ. ಕರ್ಕೊಂಡೋಗ್ತೀನಿ."

"ನಿಮ್ಮಿಷ್ಟ ಸಾಬ್ರೇ. ಬಿಸಿಲಲ್ಲಿ ಬಂದಿದೀರ, ಮೊದ್ಲು ನೀರು ಕುಡೀರಿ," ಅಂದರು ಟೀಚರ್.

ನೀರು ಕುಡಿಯುತ್ತಲೇ ಅಬ್ಬಾ ನಮ್ಮ ಡೇರೆಯ ಹಗ್ಗ ಎಳೆದು ನೋಡಿದರು. ಗಂಟು ಜಾರಿತು.

"ಯಾರು ಕಟ್ಟಿದ್ದು ಇದನ್ನ?"

ನಾನು ತಲೆ ತಗ್ಗಿಸಿದೆ. ಅಂಗಡಿಯಲ್ಲಿ ಅಬ್ಬಾ ತಮ್ಮಂದಿರಿಗೆ ಹಗ್ಗ ಮುಟ್ಟಲು ಬಿಡುತ್ತಿದ್ದರೇ ಹೊರತು ನನಗೆ ಬಿಟ್ಟವರೇ ಅಲ್ಲ.

ಅಬ್ಬಾ ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು, ನಿಧಾನವಾಗಿ ಗಂಟು ಹಾಕಿ ತೋರಿಸಿ, ಬಿಚ್ಚಿ, ಹಗ್ಗವನ್ನು ನನ್ನ ಕೈಗೆ ಕೊಟ್ಟರು. "ಹಾಕು."

ಮೂರು ಸಲ ತಪ್ಪಿತು. ಅಂಗೈ ಕೆಂಪಾಯಿತು. ನಾಲ್ಕನೇ ಸಲ ನಾನು ಹಾಕಿದ ಗಂಟನ್ನು ಅವರು ಎರಡೂ ಕೈಯಲ್ಲಿ ಜಗ್ಗಿದರು. ಅದು ಅಲ್ಲಾಡಲಿಲ್ಲ.

ಅವರು ಎದ್ದು ಸೈಕಲ್ ಕಡೆ ನಡೆದರು. ನಾನೂ ಬ್ಯಾಗು ಎತ್ತಿಕೊಂಡು ಹಿಂದೆ ಹೋದೆ. ಕ್ಯಾರಿಯರ್ ಮೇಲಿದ್ದ ಗೋಣಿಚೀಲವನ್ನು ತೆಗೆದು ನನ್ನ ಕೈಗಿಟ್ಟು, ಟೀಚರಿಗೂ ಕೇಳಲಿ ಎಂಬಂತೆ, ಮನೆಯ ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದರು:

"ರಾತ್ರಿ ನೆಲ ತಣ್ಣಗಿರ್ತದೆ ಬೇಟಿ. ಕೆಳಗೆ ಹಾಸ್ಕೋ."