ಕೈಯಿಟ್ಟು ನೋಡುವವರು

ಎರಡು ಸಲ ಕಡಿದುಹೋದ ವಿಡಿಯೊ ಕರೆ ಕೊನೆಗೂ ಹತ್ತಿತು. ಆರೋಗ್ಯ ಕೇಂದ್ರದ ನರ್ಸ್, ಡಾಕ್ಟರ ಖಾಲಿ ಕುರ್ಚಿಗೆ ಟ್ಯಾಬ್ ಆನಿಸಿಟ್ಟು, "ಮಾತಾಡ್ರಿ ನೀಲವ್ವ" ಎಂದಳು.

"ಸಾಹೇಬ್ರ, ಮಗಳಿಗೆ ನಿನ್ನಿಯಿಂದ ಹೊಟ್ಟಿನೋವು. ಮುಟ್ಟಾಕ ಬಿಡವಲ್ಲಳು."

ಪರದೆಯಲ್ಲಿದ್ದ ಡಾಕ್ಟರ್, ತಾಯಿಯ ಮಡಿಲಲ್ಲಿದ್ದ ಹುಡುಗಿಯನ್ನು ಬಗ್ಗಿ ನೋಡಿದರು. "ಹಿಂಗ ನೋಡಿದ್ರ ತಿಳಿಯೂದಿಲ್ಲವ್ವ. ಕೈಯಿಟ್ಟು ನೋಡಬೇಕು. ತಾಲೂಕಿಗೆ ಕರ್ಕೊಂಡು ಹೋಗ್ರಿ."

"ಹಳ್ಳ ಬಂದೈತ್ರಿ. ಬಸ್ಸು ಬಂದಿಲ್ಲ."

"ಹಂಗಾರ ನಿಮ್ಮೂರ ಆರೋಗ್ಯ ಕೇಂದ್ರಕ್ಕ ಹೋಗ್ರಿ."

"ಅಲ್ಲೇ ಕುಂತೀನ್ರಿ!"

"ಮತ್ತ ಅಲ್ಲಿ ಡಾಕ್ಟರಿಗೆ ತೋರಸೂದು ಬಿಟ್ಟು ನನಗ್ಯಾಕ ಫೋನ್ ಹಚ್ಚೀರಿ?"

ನೀಲವ್ವನ ತಾಳ್ಮೆ ಕೆಟ್ಟಿತು. "ಎಲ್ಲಿ ಡಾಕ್ಟರ್ರಿ? ಆ ಪುಣ್ಯಾತ್ಮ ಬಂದ ದಿನಾನ ಎದ್ದು ಹೋಗ್ಯಾನ. ಆಮ್ಯಾಲ ಈ ಕುರ್ಚಿ ಮ್ಯಾಲ ಯಾರೂ ಕುಂತಿಲ್ಲ."

ನರ್ಸ್ ಟ್ಯಾಬಿನ ಕಡೆ ನೋಡಿ ನೀಲವ್ವನ ತೋಳು ಜಗ್ಗಿದಳು.

"ಇಂಥವ್ರಿಂದ ನಮಗೆಲ್ಲಾ ಕೆಟ್ಟ ಹೆಸರು" ಎಂದು ಡಾಕ್ಟರ್ ಸಿಡುಕಿದರು. "ಮುಂಜಾನಿಂದ ಇಂಥಾವ ಫೋನು. ನಾ ಇಲ್ಲಿಂದ ಹೆಂಗ ಹೊಟ್ಟಿ ಒತ್ತಿ ನೋಡ್ಲಿ? ಯಾವೂರು ಹೇಳ್ರಿ. ಮ್ಯಾಲಿನವ್ರಿಗೆ ಈಗ ಹೇಳ್ತೀನಿ."

"ಸಂಕನಗಟ್ಟಿರಿ."

ಪರದೆಯ ಮೇಲಿನ ಮುಖ ಅಲುಗಾಡದೆ ನಿಂತಿತು. ಹುಡುಗಿ ನರಳಿದಳು. ನೀಲವ್ವ ಟ್ಯಾಬನ್ನು ಎತ್ತಿ ಅಲ್ಲಾಡಿಸಿದಳು.

"ಮತ್ತ ನೆಟ್‌ವರ್ಕ್ ಹೋತೇನು?"

"ಹೋಗಿಲ್ಲವ್ವ" ಎಂದಿತು ಒಳಗಿನ ದನಿ. "ಅಲ್ಲಿ ಡಾಕ್ಟರ್ ನಾನ. ಈ ಫೋನ್ ಎತ್ತಾಕಂತ ನನ್ನ ಜಿಲ್ಲಾಕ್ಕ ಕರಸ್ಕೊಂಡಾರ."