ಮೂವರು ಯೋಹಾನರು

ಬಾಗಿಲಲ್ಲಿ ಬೀಗದಕೈ ತಿರುಗಿದ ಸದ್ದಾದಾಗ ಹಾಲವ್ವನ ಅಂಗೈಯಲ್ಲಿ ಮೂರು ಹಿತ್ತಾಳೆಯ ಹೆಸರುಪಟ್ಟಿಗಳು ಇನ್ನೂ ಹಾಗೇ ಇದ್ದವು. ಬಾಂದ್ರಾದ ಆ ಸಂಗೀತ ಕ್ಲಾಸಿನ ಪಿಯಾನೋ ಒರೆಸಲೆಂದು, ಮೇಲಿದ್ದ ಮೂರು ಫೋಟೋಗಳನ್ನೂ ಅವುಗಳ ಮುಂದಿದ್ದ ಪಟ್ಟಿಗಳನ್ನೂ ಒಟ್ಟಿಗೇ ಇಳಿಸಿಬಿಟ್ಟಿದ್ದಳು. ಫೋಟೋಗಳನ್ನೇನೋ ಮತ್ತೆ ಮೇಲಿಟ್ಟಾಗಿತ್ತು; ಈಗ ಯಾವ ಪಟ್ಟಿ ಯಾರದು? ಅಕ್ಷರ ಕೂಡಿಸಿ ಓದಿದರೆ ಮೂರರಲ್ಲೂ ಮೊದಲ ಹೆಸರು ಯೋಹಾನ್. ಅದು ಜರ್ಮನರ ಹಳೇ ಹೆಸರು, ಮೂವರೂ ದೊಡ್ಡ ಸಂಗೀತಗಾರರು ಎಂದು ಮೇಡಂ ಹೇಳಿದ್ದರು. ಸಾಮಾನು ಹಿಂದುಮುಂದು ಮಾಡಿದಳೆಂದೇ ಮೊದಲಿನ ಕೆಲಸದಾಕೆಯನ್ನು ಹೋದ ವಾರ ಬಿಡಿಸಿದ್ದರು.

ಹೆಸರಿನ ಕೆಳಗೆ ಹುಟ್ಟಿದ ಇಸವಿ ಇತ್ತು: 1685, 1735, 1825. ಹಾಲವ್ವ ಮೂವರ ತಲೆಗಳನ್ನೂ ನೋಡಿದಳು. ಒಬ್ಬನಿಗೆ ಕಿವಿ ಮುಚ್ಚುವಷ್ಟು ದೊಡ್ಡ ಬಿಳಿ ವಿಗ್ಗು, ಇನ್ನೊಬ್ಬನಿಗೆ ಚಿಕ್ಕದು, ಮೀಸೆಯವನಿಗೆ ಬರೀ ಸ್ವಂತ ಕೂದಲು. ಪಟ್ಟಿಗಳನ್ನು ಅದೇ ಸಾಲಿನಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನಿಂತಳು.

ಒಳಗೆ ಬಂದ ಜೆಸಿಂತಾ ಮೇಡಂ ನೇರ ಪಿಯಾನೋ ಹತ್ತಿರ ಹೋಗಿ ಕನ್ನಡಕ ಏರಿಸಿದರು. “ಇದು ಯಾರು ಮಾಡಿದ್ದು?”

“ನಾನರೀ ಮೇಡಂ,” ಎಂದಳು ಹಾಲವ್ವ.

“ಈ ವಿಗ್ಗಿನವರಿಬ್ರು ಅಪ್ಪ, ಮಗ. ಆ ಮೊದಲಿನವಳು ಅಪ್ಪನ ಪಟ್ಟಿ ಮಗನ ಮುಂದೆ, ಮಗನದ್ದು ಅಪ್ಪನ ಮುಂದೆ ಇಟ್ಟು ಹೋಗಿದ್ಳು. ಸರಿ ಮಾಡುವಾ ಅಂತಲೇ ಇವತ್ತು ಬೇಗ ಬಂದೆ. ನಿಂಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?”

ಹಾಲವ್ವ ಫೋಟೋಗಳಲ್ಲಿನ ತಲೆಗಳತ್ತ ಕೈ ತೋರಿಸಿದಳು. “ನಮ್ಮ ಮನಿ ಗ್ವಾಡಿ ಮ್ಯಾಲೂ ಹಂಗೇ ಅದಾರಲ್ರೀ. ಮುತ್ತ್ಯಾಗ ರುಮಾಲ, ಅಪ್ಪಗ ಟೊಪ್ಪಗಿ, ಅಣ್ಣಗ ಬರೇ ತಲಿ.”