ಶಿವಲೀಲಾ ಒತ್ತಿದ ಗುಂಡಿ

ಆ ರಾಜ್ಯದಲ್ಲಿ ಪ್ರತಿ ಸೋಮವಾರ ಚೀಟಿ ಎತ್ತುತ್ತಿದ್ದರು. ಯಾರ ಹೆಸರು ಬರುತ್ತದೋ ಅವರೇ ಆ ವಾರದ ಕಾನೂನನ್ನು ತೀರ್ಮಾನಿಸಬೇಕು. ಈ ಸಲ ಕಲಬುರಗಿಯ ಬಳೆಗಾರ್ತಿ ಶಿವಲೀಲಾಳ ಹೆಸರು ಬಂತು. ಗಾಂಜಾವನ್ನು ಔಷಧಿ ಅಂಗಡಿಯಲ್ಲಿ ಮಾರಬಹುದೇ ಎಂಬುದು ಪ್ರಶ್ನೆ.

ಬೆಳಿಗ್ಗೆಯೇ ಅವಳ ಬಳೆ ಅಂಗಡಿ ಮುಂದೆ ಜನ ಕಿಕ್ಕಿರಿದಿದ್ದರು. ಸರ್ಕಾರಿ ಗುಮಾಸ್ತ ಕೆಂಪು, ಹಸಿರು ಗುಂಡಿಗಳ ಪೆಟ್ಟಿಗೆಯನ್ನು ಬಳೆಗಳ ನಡುವೆ ಇಟ್ಟ.

"ಅಕ್ಕಾ, ಹಸಿರು ಒತ್ರಿ! ಕ್ಯಾನ್ಸರ್ ನೋವಿಗೆ ನಮ್ಮಪ್ಪ ದಿನಾ ಚೀರ್ತಾನ," ಎಂದ ಟೇಲರ್ ಮಲ್ಲಣ್ಣ.

"ಬ್ಯಾಡ ಶಿವೀ," ಎಂದಳು ಪಕ್ಕದ ಮನೆಯ ಶಾಂತಾಬಾಯಿ. "ಅದನ್ನ ಸೇದಿ ಸೇದಿ ನನ್ನ ಮಗನ ತಲಿ ಕೆಟ್ಟದ. ನಿನಗ ಗೊತ್ತಿಲ್ಲೇನು?"

ಶಿವಲೀಲಾಳಿಗೆ ಗೊತ್ತಿತ್ತು.

"ಡಾಕ್ಟರ್ ಬರೆದ್ರ ಮಾತ್ರ ಕೊಡ್ಬೇಕು ಅಂತ ಬರ್ಕೋರಿ," ಎಂದು ಗುಮಾಸ್ತನಿಗೆ ಹೇಳಿ ಹಸಿರು ಒತ್ತಿಬಿಟ್ಟಳು.

ಕೇಕೆ, ಶಿಳ್ಳೆ, ಪಟಾಕಿ! ಮಲ್ಲಣ್ಣ ಅಳುತ್ತಲೇ ಔಷಧಿ ಬರೆಸಲು ದವಾಖಾನೆಯತ್ತ ಓಡಿದ. ಯಾರೋ ಶಿವಲೀಲಾಳ ಕೊರಳಿಗೆ ಹಾರ ಹಾಕಿದರು.

ಶಾಂತಾಬಾಯಿ ಮನೆಗೆ ಹೊರಟಳು. ಶಿವಲೀಲಾ ಹಾರ ತೆಗೆದಿಟ್ಟು ಅವಳ ಹಿಂದೆಯೇ ಓಡಿದಳು.

"ಬೈಯಿ ಅಕ್ಕಾ, ಎಷ್ಟು ಬೇಕಾದ್ರೂ ಬೈಯಿ. ಬಾಗ್ಲಾ ಮಾತ್ರ ಹಾಕಬ್ಯಾಡ."

ಶಾಂತಾಬಾಯಿ ಬಾಗಿಲು ತೆರೆದಿಟ್ಟೇ ಬೈಯತೊಡಗಿದಳು.